ಮಿಶಿಗನ್ ಅವೆನ್ಯೂದ ಮಹಡಿ ಕೋಣೆ

1977ರಲ್ಲಿ ವಾಯೇಜರ್ ಎಂಬ ಜೋಡಿ ನೌಕೆಗಳು ಭೂಮಿ ಬಿಟ್ಟು ಹೊರಟಾಗ ಒಂದೊಂದರ ಮೈಗೂ ಒಂದು ಗ್ರಾಮಫೋನ್ ತಟ್ಟೆಯನ್ನು ಬಿಗಿದು ಕಳಿಸಿದರು. ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ, ಅಗಲ ಹನ್ನೆರಡು ಅಂಗುಲ. ಅದರಲ್ಲಿ 55 ಭಾಷೆಗಳ ನಮಸ್ಕಾರಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಯಾರೋ ಒಬ್ಬರು, ಬಾಗಿಲಿಗೆ ಬಂದ ಅಪರಿಚಿತರನ್ನು ಮಾತಾಡಿಸುವಷ್ಟು ಸಲೀಸಾಗಿ, ಕನ್ನಡಿಗರೆಲ್ಲರ ಪರವಾಗಿ ಶುಭ ಕೋರಿದ್ದಾರೆ. ಕೆಲವೇ ಸೆಕೆಂಡಿನ ಮಾತು. ಮೊದಲ ಸಲ ಕೇಳಿದ ರಾತ್ರಿ ನಾನು ಅದನ್ನು ಹತ್ತಾರು ಸಲ ಹಾಕಿಕೊಂಡು ಕೇಳಿದೆ. ನಮ್ಮ ಮಾತು ಗುರು, ಶನಿ ಗ್ರಹಗಳನ್ನು ದಾಟಿ ಹೋಗಿದೆ ಎಂಬುದನ್ನು ನಂಬಲು ಅಷ್ಟು ಸಲ ಬೇಕಾಯಿತು.

ಆಮೇಲೆ ತಟ್ಟೆಯ ಉಳಿದ ಭಾಗದ ಕಡೆ ಗಮನ ಹೋಯಿತು. ಅಲ್ಲಿ 27 ಸಂಗೀತದ ತುಣುಕುಗಳಿವೆ. ಬಾಖ್ ಇದ್ದಾನೆ, ಬೀಥೋವನ್ ಇದ್ದಾನೆ, ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. ಇವುಗಳ ನಡುವೆ ಎರಡು ನಿಮಿಷ ಚಿಲ್ಲರೆಯ ಒಂದು ಅಬ್ಬರದ ಹಾಡು: ಚಕ್ ಬೆರಿಯ ‘ಜಾನಿ ಬಿ. ಗುಡ್’. ಓದು ಬರಹ ಅಷ್ಟಾಗಿ ಬಾರದ, ಆದರೆ ಗಿಟಾರ್ ಹಿಡಿದರೆ ಲೋಕ ಮರೆಸುವ ಹಳ್ಳಿ ಹುಡುಗನೊಬ್ಬನ ಹಾಡು ಅದು. 1958ರ ಜನವರಿ 6ರಂದು ಅದನ್ನು ಮುದ್ರಿಸಿಕೊಂಡದ್ದು ಶಿಕಾಗೋದ ಚೆಸ್ ರೆಕಾರ್ಡ್ಸ್ ಎಂಬ ಕಂಪೆನಿಯ ಸ್ವಂತ ಸ್ಟುಡಿಯೊದಲ್ಲಿ. ವಿಳಾಸ: 2120, ಸೌತ್ ಮಿಶಿಗನ್ ಅವೆನ್ಯೂ.

ಹಾಗಾದರೆ ಈ ಹಾಡು ನಮ್ಮ ಕನ್ನಡಕ್ಕೆ ನೆರೆಮನೆಯದ್ದು. ಒಂದೇ ತಟ್ಟೆಯ ಗೆರೆಗಳಲ್ಲಿ ಎರಡೂ ಪಕ್ಕಪಕ್ಕದಲ್ಲಿ ವಾಸವಾಗಿವೆ. ನೆರೆಯವನ ಹುಟ್ಟಿದ ಮನೆ ನೋಡಬೇಕು ಎಂಬ ಆಸೆ ಅಂದೇ ಮೊಳೆಯಿತು. ಅದು ಕೈಗೂಡಿದ್ದು ಶಿಕಾಗೋ ಬಳಿಯ ನೇಪರ್‌ವಿಲ್ಲಿನಲ್ಲಿರುವ ತಂಗಿಯ ಮಗನ ಮನೆಗೆ ಹೋದಾಗ.

“ಮಾವ, ಶಿಕಾಗೋಗೆ ಬಂದವರೆಲ್ಲ ಆ ಉಕ್ಕಿನ ದೊಡ್ಡ ಬೀನ್ ನೋಡ್ತಾರೆ, ವಿಲ್ಲಿಸ್ ಟವರ್ ಹತ್ತುತಾರೆ. ನೀವು ಹೇಳೋ ಜಾಗ ನಾನೂ ಕೇಳಿಲ್ಲ, ಹನ್ನೊಂದು ವರ್ಷ ಆಯ್ತು ಇಲ್ಲಿಗೆ ಬಂದು,” ಅಂದ.

“ಹಾಗಾದ್ರೆ ನೀನೂ ಬಾ,” ಅಂದೆ.

ಅಕ್ಟೋಬರಿನ ಒಂದು ಬೆಳಗ್ಗೆ ರೈಲಿನಲ್ಲಿ ಪೇಟೆಗೆ ಬಂದು ಇಳಿದೆವು. ಟ್ಯಾಕ್ಸಿ ಬೇಡ, ನಡೆದೇ ಹೋಗೋಣ ಎಂದು ಹಟ ಹಿಡಿದವನು ನಾನು. ಕಾರಣವಿತ್ತು. ಮಿಶಿಗನ್ ಅವೆನ್ಯೂ ಒಂದು ಬರಿಯ ರಸ್ತೆಯಲ್ಲ. ಆರ್ಟ್ ಇನ್‌ಸ್ಟಿಟ್ಯೂಟಿನ ಕಲ್ಲಿನ ಸಿಂಹಗಳ ಮುಂದೆ ನಿಂತರೆ ಸ್ವಾಮಿ ವಿವೇಕಾನಂದರ ಹೆಸರು ಹೊತ್ತ ರಸ್ತೆ ಫಲಕ ಕಾಣುತ್ತದೆ. 1893ರ ಸೆಪ್ಟೆಂಬರ್ 11ರಂದು, ಅದಕ್ಕೆ ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಆ ತರುಣ ಸಂನ್ಯಾಸಿ ಮಾತಾಡಿದ್ದು ಇದೇ ಕಟ್ಟಡದಲ್ಲಿ. ಅಲ್ಲಿ ಕೈಮುಗಿದು ತೆಂಕಣಕ್ಕೆ ತಿರುಗಿದೆವು. ಎಡಗಡೆ ಗ್ರ್ಯಾಂಟ್ ಪಾರ್ಕ್, ಅದರಾಚೆ ಸಮುದ್ರವೆಂದೇ ನಂಬಬೇಕಾದ ಸರೋವರ. ಗಾಳಿ ಕೋಟಿನ ಗುಂಡಿಗಳ ನಡುವಿನಿಂದ ಒಳಗೆ ನುಗ್ಗುತ್ತಿತ್ತು.

ಸುಮಾರು ಒಂದೂವರೆ ಕಿಲೋಮೀಟರ್ ನಡೆದ ಮೇಲೆ, ಮಿಶಿಗನ್ ಮತ್ತು ರೂಸ್‌ವೆಲ್ಟ್ ರಸ್ತೆಗಳು ಕೂಡುವಲ್ಲಿ, ನಾವಿಬ್ಬರೂ ಗಕ್ಕನೆ ನಿಂತುಬಿಟ್ಟೆವು. ಪಾರ್ಕಿನ ಮೂಲೆಯಲ್ಲಿ ತುಕ್ಕು ಬಣ್ಣದ ಕಬ್ಬಿಣದ ಆಕೃತಿಗಳ ದೊಡ್ಡ ಗುಂಪು. ಒಂದೊಂದೂ ಆಳೆತ್ತರವನ್ನು ಮೀರಿದ್ದು. ತಲೆಯಿಲ್ಲ, ತೋಳಿಲ್ಲ, ಬರಿಯ ಕಾಲು ಮತ್ತು ಮುಂಡ. ಎಲ್ಲ ಒಂದೊಂದು ದಿಕ್ಕಿಗೆ ಹೆಜ್ಜೆ ಹಾಕುತ್ತಿವೆ. 106 ಇವೆಯಂತೆ. ಪೋಲೆಂಡಿನ ಶಿಲ್ಪಿ ಮಗ್ದಲೇನಾ ಅಬಕನೋವಿಚ್ ಮಾಡಿದ್ದು, 2006ರಲ್ಲಿ ನಿಲ್ಲಿಸಿದ್ದು. ಅವು ಈ ಜಾಗಕ್ಕಾಗಿಯೇ ಬಂದ ಹಾಗೆ ನನಗೆ ಕಂಡವು. ಏಕೆಂದರೆ ಇದೇ ಕೂಡುರಸ್ತೆಯಲ್ಲಿ, 1974ರಲ್ಲಿ ಕೆಡವುವವರೆಗೂ, ಇಲಿನಾಯ್ ಸೆಂಟ್ರಲ್ ರೈಲ್ವೆಯ ದೊಡ್ಡ ನಿಲ್ದಾಣವಿತ್ತು. ಮಿಸಿಸಿಪಿಯ ಹತ್ತಿ ಹೊಲಗಳಿಂದ ಹೊರಟ ರೈಲು ಬಂದು ನಿಲ್ಲುತ್ತಿದ್ದದ್ದು ಇಲ್ಲೇ.

ನಮ್ಮ ಬಯಲುಸೀಮೆಯಲ್ಲಿ ಗುಳೆ ಹೋಗುವುದು ಎನ್ನುತ್ತಾರೆ. ಮಳೆ ಕೈಕೊಟ್ಟಾಗ ರಾಯಚೂರು, ಯಾದಗಿರಿ ಕಡೆಯ ಜನ ಗಂಟುಮೂಟೆ ಕಟ್ಟಿ ಬೆಂಗಳೂರು, ಮುಂಬಯಿ ಬಸ್ಸು ಹತ್ತುತ್ತಾರಲ್ಲ, ಆ ಗುಳೆ. ಅಮೆರಿಕದ ಕಪ್ಪು ಜನ ಹೋದದ್ದು ಮರಳಿ ಬರದ ಗುಳೆ. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಬಡಗಣ ಮತ್ತು ಪಡುವಣ ಪಟ್ಟಣಗಳಿಗೆ ಹೋದರು. ಅವರನ್ನು ಅಟ್ಟಿದ್ದು ಬರಗಾಲವೊಂದೇ ಅಲ್ಲ. ಅರೆಪಾಲಿನ ಬೇಸಾಯದ ಮುಗಿಯದ ಸಾಲ, ಬಿಳಿಯರಿಗೊಂದು ಕಪ್ಪು ಜನರಿಗೊಂದು ಎಂಬ ಕಾನೂನು, ಗುಂಪು ಕಟ್ಟಿ ಮರಕ್ಕೆ ನೇತುಹಾಕುವ ಭಯ. ಶಿಕಾಗೋ ಒಂದರಲ್ಲೇ 1940ರಲ್ಲಿ ಎರಡು ಮುಕ್ಕಾಲು ಲಕ್ಷದಷ್ಟಿದ್ದ ಕಪ್ಪು ಜನಸಂಖ್ಯೆ 1960ರ ಹೊತ್ತಿಗೆ ಎಂಟು ಲಕ್ಷ ದಾಟಿತು.

1943ರಲ್ಲಿ ಈ ನಿಲ್ದಾಣದಲ್ಲಿ ಇಳಿದ ಒಬ್ಬನ ಹೆಸರು ಮೆಕಿನ್ಲಿ ಮಾರ್ಗನ್‌ಫೀಲ್ಡ್. ಕೆಸರು ನೀರಿನಲ್ಲಿ ಆಡುತ್ತಿದ್ದ ಹುಡುಗನಾದ್ದರಿಂದ ಅಜ್ಜಿ ಕರೆದ ಅಡ್ಡಹೆಸರೇ ಮುಂದೆ ಲೋಕದ ಬಾಯಲ್ಲಿ ನಿಂತಿತು: ಮಡ್ಡಿ ವಾಟರ್ಸ್. ಕ್ಲಾರ್ಕ್ಸ್‌ಡೇಲ್ ಊರಿನ ಹತ್ತಿರ ಸ್ಟೋವಾಲ್ ಎಂಬ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಕೂಲಿ. ಇಪ್ಪತ್ತೈದು ಮಾಡಿ ಎಂದು ಕೇಳಿದ್ದಕ್ಕೆ ಮೇಲಿನವನು ಸಿಡುಕಿದ, ಅದೇ ವಾರ ರೈಲು ಹತ್ತಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಕೈಯಲ್ಲಿ ಒಂದು ಸೂಟ್‌ಕೇಸು, ಒಂದು ಗಿಟಾರು. ಎರಡೂವರೆ ಸೆಂಟಿನ ಜಗಳ ಒಂದು ನಗರದ ಸಂಗೀತವನ್ನೇ ತಿರುಗಿಸಿತು.

ಈ ಮಡ್ಡಿಗೆ ಊರಿನಲ್ಲಿದ್ದಾಗಲೇ ಇನ್ನೊಂದು ಘಟನೆ ನಡೆದಿತ್ತು. 1941ರ ಆಗಸ್ಟಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪರವಾಗಿ ಜನಪದ ಹಾಡು ಸಂಗ್ರಹಿಸುತ್ತಿದ್ದ ಆಲನ್ ಲೋಮ್ಯಾಕ್ಸ್ ಕಾರಿನ ಡಿಕ್ಕಿಯಲ್ಲಿ ಮುದ್ರಣ ಯಂತ್ರ ಇಟ್ಟುಕೊಂಡು ಆ ತೋಟಕ್ಕೆ ಬಂದ. ಜೊತೆಗೆ ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್. ಬ್ಲೂಸ್ ಎಂಬ ಕಪ್ಪು ಜನರ ಹಾಡನ್ನು ಮಡ್ಡಿಯ ಗುಡಿಸಿಲಿನಲ್ಲೇ ಹಾಡಿಸಿ, ಮುದ್ರಿಸಿ, ತಿರುಗಿ ಕೇಳಿಸಿದರು. ತನ್ನ ದನಿಯನ್ನು ತಾನೇ ಕೇಳಿದ ಆ ಗಳಿಗೆಯಲ್ಲಿ ತಾನು ಹಾಡಬಲ್ಲೆ ಎಂಬುದು ಗೊತ್ತಾಯಿತು ಎಂದು ಮಡ್ಡಿ ವರ್ಷಗಳ ನಂತರವೂ ನೆನೆಯುತ್ತಿದ್ದ. ಲೋಮ್ಯಾಕ್ಸನ ಹೆಸರನ್ನು ಓದುಗರು ನೆನಪಿಡಬೇಕು. ಈ ಕತೆಯ ಕೊನೆಯಲ್ಲಿ ಆತ ಮತ್ತೆ ಬರುತ್ತಾನೆ.

ಕಬ್ಬಿಣದ ಕಾಲುಗಳನ್ನು ಹಿಂದೆ ಬಿಟ್ಟು ಮುಂದೆ ನಡೆದೆವು. ಈಗ ಬೇರೆಯೇ ಮಿಶಿಗನ್ ಅವೆನ್ಯೂ. ಎತ್ತರದ ಹೋಟೆಲುಗಳು ಮುಗಿದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಕಾರುಗಳನ್ನು ಮಾರಾಟಕ್ಕಿಟ್ಟಿದ್ದ ಸುಂದರ ಮಳಿಗೆಗಳು ಸಾಲಾಗಿ ಬರುತ್ತವೆ. ಕಾರಿನವರು ಬೇರೆ ಕಡೆ ಹೋದ ಮೇಲೆ ಬಾಡಿಗೆ ಇಳಿಯಿತು. ರೆಕಾರ್ಡ್ ಕಂಪೆನಿಗಳು, ಹಂಚುವವರು ಬಂದರು. ಜನ ಇದನ್ನು ರೆಕಾರ್ಡ್ ಸಾಲು ಎಂದೇ ಕರೆದರು. 1449ನೆಯ ನಂಬರಿನಲ್ಲಿ ವೀ-ಜೇ ಎಂಬ ಕಂಪೆನಿ ಇತ್ತು, ಕಪ್ಪು ದಂಪತಿ ಕಟ್ಟಿದ್ದು. ಅದು ಬೇರೆಯೇ ದೊಡ್ಡ ಕತೆ.

2120ರ ಮುಂದೆ ನಿಂತಾಗ ತಂಗಿಯ ಮಗ ನನ್ನ ಮುಖ ನೋಡಿದ. “ಇದೇನಾ?”

ಇದೇ. ಎರಡೇ ಅಂತಸ್ತು. 1911ರಲ್ಲಿ ಕಟ್ಟಿದ್ದು. ಶಿಕಾಗೋದ ಹಳೆಯ ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, 125 ಅಡಿ ಉದ್ದ. ಇದೂ ಹಾಗೆಯೇ, ಬೀದಿಗೆ ಕಿರಿದಾದ ಮುಖ ಕೊಟ್ಟು ಹಿಂದಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ನಮ್ಮ ಚಿಕ್ಕಪೇಟೆಯ ಜವಳಿ ಅಂಗಡಿಗಳನ್ನು ಕಂಡವರಿಗೆ ಈ ಆಕಾರ ಹೊಸದಲ್ಲ. ನನ್ನ ಎದೆ ಮಾತ್ರ ಹೊಡೆದುಕೊಳ್ಳುತ್ತಿತ್ತು.

ಇದನ್ನು ಕೊಂಡವರ ಕತೆಯೂ ವಲಸೆಯ ಕತೆಯೇ. ಆಗ ಪೋಲೆಂಡಿಗೆ ಸೇರಿದ್ದ, ಈಗ ಬೆಲಾರಸ್ಸಿನಲ್ಲಿರುವ ಮೋಟಲ್ ಎಂಬ ಹಳ್ಳಿಯ ಯಹೂದಿ ಕುಟುಂಬ. ತಂದೆ ಮೊದಲು ಬಂದು ಕೆಲಸ ಹುಡುಕಿದ. 1928ರಲ್ಲಿ ತಾಯಿ ಮಕ್ಕಳು ಹಿಂದಿನಿಂದ ಬಂದರು. ಚಿಜ್ ಎಂಬ ಮನೆತನದ ಹೆಸರು ಅಮೆರಿಕದಲ್ಲಿ ಚೆಸ್ ಆಯಿತು. ಲೆಜರ್ ಎಂಬ ಹನ್ನೊಂದರ ಹುಡುಗ ಲೆನಾರ್ಡ್ ಆದ, ಏಳರ ತಮ್ಮ ಫಿಶೆಲ್ ಫಿಲ್ ಆದ. ದೊಡ್ಡವರಾದ ಮೇಲೆ ಮದ್ಯದಂಗಡಿ ನಡೆಸಿದರು. 1946ರಲ್ಲಿ ಕಪ್ಪು ಜನರ ಬಡಾವಣೆಯಲ್ಲಿ, ಕಾಟೇಜ್ ಗ್ರೋವ್ ರಸ್ತೆಯಲ್ಲಿ, ಮಕಾಂಬಾ ಲೌಂಜ್ ಎಂಬ ಕ್ಲಬ್ ತೆರೆದರು. ಅಲ್ಲಿ ರಾತ್ರಿಯಿಡೀ ನುಡಿಸುವವರನ್ನು ಕೇಳುತ್ತ, ಇವರ ಸಂಗೀತ ಅಂಗಡಿಯಲ್ಲಿ ಏಕೆ ಸಿಗುವುದಿಲ್ಲ ಎಂಬ ವ್ಯಾಪಾರಿ ಪ್ರಶ್ನೆ ಲೆನಾರ್ಡನಿಗೆ ಹೊಳೆಯಿತು. 1947ರಲ್ಲಿ ಅರಿಸ್ಟೋಕ್ರ್ಯಾಟ್ ಎಂಬ ಪುಟ್ಟ ರೆಕಾರ್ಡ್ ಕಂಪೆನಿಗೆ ಸೇರಿಕೊಂಡ.

ಏಕೆ ಸಿಗುತ್ತಿರಲಿಲ್ಲ ಎಂಬುದಕ್ಕೆ ಉತ್ತರ ನಮ್ಮ ದೇಶದ ಕಾಡುಗಳವರೆಗೆ ಬರುತ್ತದೆ. ನಮಗೆ ಅರಗೆಂದರೆ ಚನ್ನಪಟ್ಟಣದ ಬೊಂಬೆಯ ಹೊಳಪು, ಇಲ್ಲವೇ ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ. 78 ಸುತ್ತಿನ ಹಳೆಯ ಗ್ರಾಮಫೋನ್ ತಟ್ಟೆಗಳೂ ಅರಗಿನವೇ. ಮರದ ಕೊಂಬೆಯ ಮೇಲೆ ಹುಳು ಒಸರುವ ಅಂಟನ್ನು ಕಲ್ಲಿನ ಪುಡಿಯೊಂದಿಗೆ ಬೆರೆಸಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತುತ್ತಿದ್ದರು. ಲೋಕಕ್ಕೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ಎರಡನೆಯ ಮಹಾಯುದ್ಧದಲ್ಲಿ ಹಡಗಿನ ದಾರಿ ಕಷ್ಟವಾಯಿತು, ಅರಗು ಯುದ್ಧದ ಕೆಲಸಕ್ಕೂ ಬೇಕಾಯಿತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪೆನಿಗಳ ಅರಗಿನ ಪಾಲನ್ನು ಭಾರಿಯಾಗಿ ಕತ್ತರಿಸಿತು. ದೊಡ್ಡ ಕಂಪೆನಿಗಳು ಉಳಿದದ್ದನ್ನು ಹೆಚ್ಚು ಖರ್ಚಾಗುವ ಹಾಡುಗಳಿಗೆ ಮೀಸಲಿಟ್ಟು, ಕಪ್ಪು ಜನರ ಸಂಗೀತವನ್ನು ಬಹುಮಟ್ಟಿಗೆ ಕೈಬಿಟ್ಟವು. ಯುದ್ಧ ಮುಗಿದು ಅರಗು ಮತ್ತೆ ಸಿಗತೊಡಗಿದಾಗ ಆ ಖಾಲಿ ಜಾಗಕ್ಕೆ ಸಣ್ಣ ಸಣ್ಣ ಕಂಪೆನಿಗಳು ನುಗ್ಗಿದವು. ಚೆಸ್ ಅವುಗಳಲ್ಲಿ ಒಂದು.

1948ರಲ್ಲಿ ಅರಿಸ್ಟೋಕ್ರ್ಯಾಟ್ ಹೊರತಂದ ಮಡ್ಡಿಯ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ ಕೇಳಿ ಲೆನಾರ್ಡನಿಗೆ ಇವನು ಏನು ಹಾಡುತ್ತಿದ್ದಾನೆಂದೇ ತಿಳಿಯಲಿಲ್ಲವಂತೆ. ಪಾಲುದಾರಳಾಗಿದ್ದ ಎವಿಲಿನ್ ಆರನ್ ಪಟ್ಟು ಹಿಡಿದಳು, ತಟ್ಟೆ ಹೊರಬಂತು. ಮೊದಲ ಮುದ್ರಣ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಖಾಲಿ. ಮಡ್ಡಿ ತಾನೇ ಅಂಗಡಿಗೆ ಹೋಗಿ ತನ್ನ ಹಾಡಿನ ಒಂದೆರಡು ಪ್ರತಿ ಹೆಚ್ಚು ಕೇಳಿದರೆ, ಒಬ್ಬರಿಗೆ ಇಷ್ಟೇ ಎಂದು ಕೊಡಲಿಲ್ಲ. ಊರಿನಲ್ಲಿ ಕೇಳಿದ ಹಾಡನ್ನೇ ಈ ಜನ ಪಟ್ಟಣದಲ್ಲಿ ಕೇಳಬಯಸಿದ್ದರು, ಆದರೆ ಕರೆಂಟು ಹರಿಸಿದ ಗಿಟಾರಿನಲ್ಲಿ. ಪಟ್ಟಣದ ಗದ್ದಲದಲ್ಲಿ ಬರಿಯ ಮರದ ಗಿಟಾರು ಕೇಳಿಸುವುದಿಲ್ಲ.

1950ರ ಜೂನಿನಲ್ಲಿ ಕಂಪೆನಿ ಚೆಸ್ ರೆಕಾರ್ಡ್ಸ್ ಆಯಿತು. ಮೊದಲ ತಟ್ಟೆಯ ನಂಬರು 1425. ಅದು ಸೋದರರು ಬೆಳೆದ ಕಾರ್ಲೋವ್ ರಸ್ತೆಯ ಮನೆಯ ನಂಬರು. 1426 ಮಡ್ಡಿಯ ‘ರೋಲಿನ್ ಸ್ಟೋನ್’. ಲಂಡನ್ನಿನ ಕೆಲವು ಹುಡುಗರು ಮುಂದೆ ತಮ್ಮ ತಂಡಕ್ಕೆ ಆ ಹೆಸರನ್ನೇ ಇಟ್ಟುಕೊಂಡರು. ಲೆನಾರ್ಡ್ ಕಾರಿನ ತುಂಬ ರೆಕಾರ್ಡ್ ತುಂಬಿಕೊಂಡು ದಕ್ಷಿಣದ ಊರೂರು ಸುತ್ತಿ, ರೇಡಿಯೊದವರನ್ನು ಕಂಡು, ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಒಮ್ಮೆ ಮುದ್ರಣದ ಹೊತ್ತಿಗೆ ಡ್ರಮ್ಮಿನವನಿಗೆ ತಾಳ ಕೂಡದಿದ್ದಾಗ ಲೆನಾರ್ಡನೇ ಎದ್ದು ದೊಡ್ಡ ಡ್ರಮ್ ಬಾರಿಸಿದ. 1951ರ ‘ಶಿ ಮೂವ್ಸ್ ಮಿ’ಯಲ್ಲಿ ಆ ಪೆಟ್ಟು ಈಗಲೂ ಕೇಳುತ್ತದೆ, ಒರಟಾಗಿ, ತಪ್ಪದೆ.

ಒಳಗೆ ಹೋದೆವು. ಕೆಳಗಿನ ಅಂತಸ್ತು ಕಚೇರಿ, ಸರಕು ಕಳಿಸುವ ಜಾಗ ಇದ್ದದ್ದು. ಮೆಟ್ಟಿಲು ಹತ್ತಿದರೆ ಸ್ಟುಡಿಯೊ. ಮಾರ್ಗದರ್ಶಿಯಾಗಿದ್ದ ಹೆಂಗಸು ನಮ್ಮನ್ನು ಕೋಣೆಯ ನಡುವೆ ನಿಲ್ಲಿಸಿ, ಒಮ್ಮೆ ಚಪ್ಪಾಳೆ ತಟ್ಟಿ ಎಂದರು. ತಟ್ಟಿದೆ. ಸದ್ದು ಅಂಗೈಯಲ್ಲೇ ನಿಂತುಬಿಟ್ಟಿತು. ಮಣ್ಣಿನ ನೆಲದ ಮೇಲೆ ಹತ್ತಿಯ ಮೂಟೆ ಬಿದ್ದ ಹಾಗೆ. ನಮ್ಮ ದೇವಸ್ಥಾನದ ನವರಂಗದಲ್ಲಿ ಚಪ್ಪಾಳೆ ತಟ್ಟಿದರೆ ಕಂಬಕಂಬವೂ ಮರುನುಡಿಯುತ್ತದೆ. ಇಲ್ಲಿ ಗೋಡೆ ಮೌನ.

“ಹಾಗಾದ್ರೆ ರೆಕಾರ್ಡಿನಲ್ಲಿ ಕೇಳೋ ಆ ಗುಂಯ್‌ಗುಡುವಿಕೆ?” ತಂಗಿಯ ಮಗ ಕೇಳಿದ.

ಅದು ನೆಲಮಾಳಿಗೆಯಿಂದ ಬರುತ್ತಿತ್ತು. ಇದೇ ನನ್ನನ್ನು ಬೆರಗಾಗಿಸಿದ ಸಂಗತಿ. ಮೇಲಿನ ಕೋಣೆಯ ಸದ್ದನ್ನು ತಂತಿಯಲ್ಲಿ ಕೆಳಗಿನ ಖಾಲಿ ಗಟ್ಟಿ ಕೋಣೆಗೆ ಕಳಿಸಿ, ಅಲ್ಲೊಂದು ಸ್ಪೀಕರಿನಲ್ಲಿ ನುಡಿಸಿ, ಗೋಡೆಗಳಿಗೆ ಬಡಿದು ಮರುನುಡಿದದ್ದನ್ನು ಇನ್ನೊಂದು ಮೈಕಿನಿಂದ ಹಿಡಿದು ಮೇಲೆ ತಂದು, ಮೂಲದ ಸದ್ದಿಗೆ ಎಷ್ಟು ಬೇಕೋ ಅಷ್ಟೇ ಬೆರೆಸುವುದು. ಅಡುಗೆಗೆ ಉಪ್ಪು ಹಾಕುವ ಹದ. ಈ ಉಪಾಯ ಶಿಕಾಗೋದಲ್ಲಿ ಮೊದಲೇ ಇತ್ತು. ಯೂನಿವರ್ಸಲ್ ರೆಕಾರ್ಡಿಂಗ್ ಎಂಬ ಸ್ಟುಡಿಯೊದ ಬಿಲ್ ಪುಟ್ನಮ್ 1947ರಲ್ಲೇ ಬಚ್ಚಲುಮನೆಯನ್ನು ಮರುನುಡಿಯ ಕೋಣೆ ಮಾಡಿಕೊಂಡು ಒಂದು ಮೌತ್ ಆರ್ಗನ್ ತಂಡದ ರೆಕಾರ್ಡನ್ನು ದೇಶಕ್ಕೆಲ್ಲ ಮುಟ್ಟಿಸಿದ್ದ.

ಒಂದು ಮಾತನ್ನು ಇಲ್ಲಿ ಖಚಿತವಾಗಿ ಹೇಳಬೇಕು. ಚೆಸ್ ಹೆಸರಿನ ಪ್ರಸಿದ್ಧ ಹಾಡುಗಳೆಲ್ಲ ಈ ಕೋಣೆಯಲ್ಲೇ ಹುಟ್ಟಿದವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸೋದರರು ಇಲ್ಲಿಗೆ ಬಂದದ್ದು 1957ರಲ್ಲಿ. ಸುಮಾರು ಹತ್ತು ವರ್ಷ ಇದ್ದರು. ಅದಕ್ಕೆ ಮೊದಲಿನ ದೊಡ್ಡ ಕೆಲಸವೆಲ್ಲ ಬಾಡಿಗೆ ಸ್ಟುಡಿಯೊಗಳಲ್ಲಿ, ಹೆಚ್ಚಾಗಿ ಯೂನಿವರ್ಸಲ್‌ನಲ್ಲಿ ನಡೆಯಿತು. 1952ರಲ್ಲಿ ಲಿಟಲ್ ವಾಲ್ಟರ್ ಅಗ್ಗದ ಮೈಕನ್ನು ಮೌತ್ ಆರ್ಗನ್ನಿನ ಜೊತೆ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದು, ಆಂಪ್ಲಿಫೈಯರಿಗೆ ಹರಿಸಿ, ಆ ಪುಟ್ಟ ಆಟಿಕೆಯನ್ನು ಸ್ಯಾಕ್ಸೊಫೋನಿನಷ್ಟು ದೊಡ್ಡದು ಮಾಡಿದ ‘ಜೂಕ್’ ಈ ಕಟ್ಟಡಕ್ಕಿಂತ ಮೊದಲಿನದು. 1954ರ ‘ಹೂಚಿ ಕೂಚಿ ಮ್ಯಾನ್’ ಕೂಡ. ಈ ಕೋಣೆಯ ಪಾಲಿಗೆ ಬಂದದ್ದು ‘ಜಾನಿ ಬಿ. ಗುಡ್’, ಎಟಾ ಜೇಮ್ಸ್ ಹಾಡಿದ ‘ಅಟ್ ಲಾಸ್ಟ್’, ಹೌಲಿನ್ ವುಲ್ಫನ ‘ಸ್ಪೂನ್‌ಫುಲ್’, 1965ರಲ್ಲಿ ಕೋಕೊ ಟೇಲರ್ ಹಾಡಿದ ‘ವ್ಯಾಂಗ್ ಡ್ಯಾಂಗ್ ಡೂಡಲ್’. ಇಷ್ಟು ಸಾಲದೆ? ಇವುಗಳಲ್ಲಿ ಯಾವುದೊಂದೇ ಹುಟ್ಟಿದ್ದರೂ ಈ ಕೋಣೆಗೆ ದೀಪ ಹಚ್ಚಿಡಬಹುದಿತ್ತು.

1964ರ ಜೂನ್ 10ರಂದು ಆ ಲಂಡನ್ನಿನ ಹುಡುಗರು, ರೋಲಿಂಗ್ ಸ್ಟೋನ್ಸ್, ಇದೇ ಮೆಟ್ಟಿಲು ಹತ್ತಿದರು. ಬೇರೆಲ್ಲೂ ಸಿಗದ ಆ ಸದ್ದು ಇಲ್ಲಿ ಸಿಕ್ಕೀತೆಂದು ಸಮುದ್ರ ದಾಟಿ ಬಂದಿದ್ದರು. ರಾನ್ ಮ್ಯಾಲೊ ಎಂಬ ಎಂಜಿನಿಯರು ಮುದ್ರಿಸಿಕೊಂಡ. ಈ ಬಾಗಿಲಿನ ವಿಳಾಸವನ್ನೇ ಹೆಸರಾಗಿಟ್ಟು ಒಂದು ವಾದ್ಯದ ತುಣುಕನ್ನೂ ನುಡಿಸಿದರು. ಅಂದು ಮಡ್ಡಿ ವಾಟರ್ಸ್ ಏಣಿಯ ಮೇಲೆ ನಿಂತು ಸೂರಿಗೆ ಸುಣ್ಣ ಬಳಿಯುತ್ತಿದ್ದ ಎಂದು ಆ ತಂಡದ ಕೀತ್ ರಿಚರ್ಡ್ಸ್ ಹೇಳುತ್ತ ಬಂದಿದ್ದಾನೆ. ಲೆನಾರ್ಡನ ಮಗ ಮಾರ್ಷಲ್ ಚೆಸ್ ಅದು ಸುಳ್ಳು ಎನ್ನುತ್ತಾನೆ. ನಾನು ಮಾರ್ಷಲ್ಲನ ಮಾತನ್ನೇ ನಂಬುತ್ತೇನೆ. ಮಡ್ಡಿಗಾದ ಅನ್ಯಾಯ ಸುಣ್ಣದ ಬಕೆಟ್ಟಿನಲ್ಲಿರಲಿಲ್ಲ, ಲೆಕ್ಕದ ಪುಸ್ತಕದಲ್ಲಿತ್ತು.

ಚಕ್ ಬೆರಿಯ ಕತೆಯಿಂದಲೇ ಅದನ್ನು ಹೇಳಬಹುದು. 1955ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್‌ನಿಂದ ಬಂದ ಅವನು ಮಡ್ಡಿಯ ಸಂಗೀತ ಕಚೇರಿ ಕೇಳಿ, ಮುಗಿದ ಮೇಲೆ ಹತ್ತಿರ ಹೋಗಿ, ನಾನು ಯಾರನ್ನು ಕಾಣಲಿ ಎಂದು ಕೇಳಿದ. ಲೆನಾರ್ಡ್ ಚೆಸ್‌ನನ್ನು ಕಾಣು ಎಂದ ಮಡ್ಡಿ. ಅದೇ ತಿಂಗಳ 21ರಂದು ‘ಮೇಬಲೀನ್’ ಮುದ್ರಣವಾಯಿತು, ದೇಶ ಕುಣಿಯಿತು. ಆದರೆ ತಟ್ಟೆ ಹೊರಬಂದಾಗ ಹಾಡು ಬರೆದವರೆಂದು ಮೂರು ಹೆಸರು. ಬೆರಿಯ ಜೊತೆಗೆ ರೇಡಿಯೊದ ಆಲನ್ ಫ್ರೀಡ್, ಚೆಸ್ ಸೋದರರ ಪರಿಚಯದ ರಸ್ ಫ್ರಾಟೊ. ಇಬ್ಬರೂ ಒಂದಕ್ಷರ ಬರೆದವರಲ್ಲ. ರೇಡಿಯೊದಲ್ಲಿ ಹಾಡು ಮತ್ತೆ ಮತ್ತೆ ಕೇಳಿಸಲಿ ಎಂದು ಕೊಟ್ಟ ಪಾಲು ಅದು. ಬೆರಿಯ ಹಾಡು ಪೂರ್ತಿ ಬೆರಿಯ ಹೆಸರಿಗೆ ಮರಳಿದ್ದು 1986ರಲ್ಲಿ, ಮೂವತ್ತೊಂದು ವರ್ಷದ ಮೇಲೆ. ‘ಜಾನಿ ಬಿ. ಗುಡ್’ನಲ್ಲೂ ಇಂಥದೊಂದು ಗಾಯದ ಗುರುತಿದೆ. ಮೊದಲು ಕಪ್ಪು ಹುಡುಗ ಎಂದಿದ್ದುದನ್ನು, ಬಿಳಿಯರ ರೇಡಿಯೊದಲ್ಲಿ ಹಾಕುವುದಿಲ್ಲವೆಂದು, ಹಳ್ಳಿ ಹುಡುಗ ಎಂದು ತಾನೇ ತಿದ್ದಿದೆ ಎಂದು ಬೆರಿ ಹೇಳಿದ್ದಾನೆ. ಗುಡ್ ಎಂಬುದು ಅವನು ಹುಟ್ಟಿದ ಬೀದಿಯ ಹೆಸರು.

ಇನ್ನು ವಿಲ್ಲಿ ಡಿಕ್ಸನ್. ನನ್ನ ಮಟ್ಟಿಗೆ ಈ ಮನೆಯ ಯಜಮಾನ ಅವನೇ. 1915ರಲ್ಲಿ ಮಿಸಿಸಿಪಿಯ ವಿಕ್ಸ್‌ಬರ್ಗಿನಲ್ಲಿ ಹುಟ್ಟಿದ ಭಾರಿ ಆಳು. 1937ರಲ್ಲಿ ಇಲಿನಾಯ್ ರಾಜ್ಯದ ಗೋಲ್ಡನ್ ಗ್ಲವ್ಸ್ ಹೆವಿವೇಯ್ಟ್ ಬಾಕ್ಸಿಂಗ್ ಗೆದ್ದವನು. ನಮ್ಮನ್ನು ಹೀಗೆ ಕಾಣುವ ದೇಶಕ್ಕಾಗಿ ಬಂದೂಕು ಹಿಡಿಯುವುದಿಲ್ಲ ಎಂದು ಯುದ್ಧಕ್ಕೆ ಹೋಗದೆ ಜೈಲಿಗೆ ಹೋದವನು. ಚೆಸ್‌ನಲ್ಲಿ ಬಾಸ್ ನುಡಿಸಿದ, ತಂಡ ಕೂಡಿಸಿದ, ಎಲ್ಲಕ್ಕಿಂತ ಹೆಚ್ಚಾಗಿ ಹಾಡು ಕಟ್ಟಿದ. ‘ಹೂಚಿ ಕೂಚಿ ಮ್ಯಾನ್’ ಅವನದು. ಜಂಜಿಬಾರ್ ಎಂಬ ಕ್ಲಬ್ಬಿನಲ್ಲಿ ವಿರಾಮದ ಹೊತ್ತು ಮಡ್ಡಿಯನ್ನು ಶೌಚಾಲಯದ ಪಕ್ಕಕ್ಕೆ ಕರೆದೊಯ್ದು ಅಲ್ಲೇ ಬಾಯಿಪಾಠ ಮಾಡಿಸಿದ. ಮಡ್ಡಿ ನೇರವಾಗಿ ವೇದಿಕೆ ಹತ್ತಿ ಅದನ್ನೇ ಹಾಡಿದ. ನಮ್ಮ ಯಕ್ಷಗಾನದ ಭಾಗವತರಿಗೆ ಈ ಧೈರ್ಯ ಅರ್ಥವಾದೀತು. ‘ಸ್ಪೂನ್‌ಫುಲ್’, ‘ವ್ಯಾಂಗ್ ಡ್ಯಾಂಗ್ ಡೂಡಲ್’ ಎರಡೂ ಡಿಕ್ಸನ್ನನ ಕೈಯವು.

ಹಾಡಿನ ಹಕ್ಕು ಮಾತ್ರ ಆರ್ಕ್ ಮ್ಯೂಸಿಕ್ ಎಂಬ ಪ್ರಕಾಶನ ಸಂಸ್ಥೆಯಲ್ಲಿತ್ತು, ಅದರಲ್ಲಿ ಚೆಸ್ ಸೋದರರು ಪಾಲುದಾರರು. ಕಲಾವಿದರ ಮನೆ ಬಾಡಿಗೆ, ಆಸ್ಪತ್ರೆ ಬಿಲ್ಲು, ವಕೀಲರ ಫೀಸು, ಕೆಲವೊಮ್ಮೆ ಕ್ಯಾಡಿಲ್ಯಾಕ್ ಕಾರು ಕೂಡ ಕಂಪೆನಿಯೇ ಕೊಡುತ್ತಿತ್ತು. ಕೈಯೆತ್ತಿ ಕೊಟ್ಟದ್ದು ಎಷ್ಟು, ಅವರ ಸ್ವಂತ ಗಳಿಕೆ ಎಷ್ಟು ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. 1970ರ ದಶಕದಲ್ಲಿ ಮಡ್ಡಿ, ಡಿಕ್ಸನ್ ಇಬ್ಬರೂ ಆರ್ಕ್ ವಿರುದ್ಧ ಮೊಕದ್ದಮೆ ಹೂಡಬೇಕಾಯಿತು. ಚೆಸ್ ಸೋದರರಿಗೆ ಕಿವಿಯಿತ್ತು. ಬೇರೆ ಯಾರೂ ಕೇಳದಿದ್ದಾಗ ಅವರು ಕೇಳಿದರು, ಕೇಳಿದ್ದನ್ನು ಹಾಳುಮಾಡದೆ ಮುದ್ರಿಸಿದರು. ಅದಕ್ಕೆ ಲೋಕ ಋಣಿ. ಆದರೆ ಹೊಲದ ಯಜಮಾನನ ಲೆಕ್ಕದ ಪುಸ್ತಕದಿಂದ ತಪ್ಪಿಸಿಕೊಂಡು ಬಂದವರಿಗೆ ಪಟ್ಟಣದಲ್ಲೂ ಅಂಥದೇ ಪುಸ್ತಕ ತೋರಿಸಿದರು. ಎರಡೂ ಸತ್ಯ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

1969ರಲ್ಲಿ ಕಂಪೆನಿಯನ್ನು ಜಿಆರ್‌ಟಿ ಎಂಬ ಟೇಪು ಕಂಪೆನಿಗೆ 65 ಲಕ್ಷ ಡಾಲರಿಗೆ ಮಾರಿದರು. ಅದೇ ವರ್ಷ ಅಕ್ಟೋಬರ್ 16ರಂದು ಲೆನಾರ್ಡ್ ಕಾರು ಓಡಿಸುತ್ತಿದ್ದಾಗಲೇ ಹೃದಯ ನಿಂತು ತೀರಿಕೊಂಡ. ವಯಸ್ಸು 52. ಅಲ್ಲಿಗೆ ಚೆಸ್ ಬರಿಯ ಹೆಸರಾಯಿತು.

ಡಿಕ್ಸನ್ ಸುಮ್ಮನೆ ಕೂರಲಿಲ್ಲ. ಲೆಡ್ ಜೆಪ್ಪೆಲಿನ್ ಎಂಬ ಹೆಸರಾಂತ ತಂಡ ತನ್ನ ಹಾಡಿನ ಮಾತುಗಳನ್ನು ಎತ್ತಿಕೊಂಡಿದೆ ಎಂದು 1985ರಲ್ಲಿ ಕೋರ್ಟಿಗೆ ಹೋದ. ಎರಡು ವರ್ಷದಲ್ಲಿ ರಾಜಿಯಾಗಿ ಹಣ ಬಂತು. ಹಾಡುಗಾರರಿಗೆ ತಮ್ಮ ಹಕ್ಕು ತಿಳಿಸಿಕೊಡಲು, ಸಲ್ಲಬೇಕಾದ ದುಡ್ಡು ಕೊಡಿಸಲು ಬ್ಲೂಸ್ ಹೆವನ್ ಎಂಬ ಪ್ರತಿಷ್ಠಾನ ಕಟ್ಟಿದ. 1992ರಲ್ಲಿ ತೀರಿಕೊಂಡ. ಮರುವರ್ಷ ಅವನ ಹೆಂಡತಿ ಮರಿ ಡಿಕ್ಸನ್ ಈ ಕಟ್ಟಡವನ್ನೇ ಕೊಂಡರು. ಯಾವ ಮನೆಯಲ್ಲಿ ಹಾಡು ಬರೆದವನ ಹಕ್ಕು ಕೈತಪ್ಪಿತ್ತೋ ಆ ಮನೆಯ ಬಾಗಿಲ ಮೇಲೆ ಈಗ ಅವನ ಹೆಸರಿದೆ, ಒಳಗೆ ಹಕ್ಕಿನ ಪಾಠವಿದೆ. ಇದನ್ನು ಮಾರ್ಗದರ್ಶಿ ಸಾಮಾನ್ಯ ದನಿಯಲ್ಲೇ ಹೇಳಿದರು. ನನಗೆ ಮಾತ್ರ ಕೆಲಹೊತ್ತು ಮಾತು ಹೊರಡಲಿಲ್ಲ. ಎಷ್ಟೋ ಊರುಗಳ ಸ್ಮಾರಕ ನೋಡಿದ್ದೇನೆ, ಇಷ್ಟು ನೇರವಾದ ನ್ಯಾಯ ಕಂಡದ್ದಿಲ್ಲ.

ಹೊರಗೆ ಪಕ್ಕದಲ್ಲೊಂದು ಪುಟ್ಟ ತೋಟವಿದೆ, ಡಿಕ್ಸನ್ನನ ಹೆಸರಿನದು. ಬೇಸಗೆಯಲ್ಲಿ ಅಲ್ಲಿ ಬ್ಲೂಸ್ ಕಚೇರಿ ನಡೆಯುತ್ತದೆ. ನಾವು ಹೋದ ದಿನ ಯಾರೂ ಇರಲಿಲ್ಲ. ತಂಗಿಯ ಮಗ ಫೋನಿನಲ್ಲಿ ಆ ಹಾಡು ಹಾಕಿ ಇಯರ್‌ಫೋನಿನ ಒಂದು ತುದಿ ನನಗೆ ಕೊಟ್ಟ. ಬೆರಿಯ ಗಿಟಾರು ಒಂಟಿಯಾಗಿ ಸಿಡಿದು ಶುರುವಾಗುತ್ತದೆ. ಹಿಂದೆ ಲಾಫಯೆಟ್ ಲೀಕ್ ಪಿಯಾನೊ, ಫ್ರೆಡ್ ಬಿಲೋ ಡ್ರಮ್ಮು, ಬಾಸ್ ಹಿಡಿದವನು ಡಿಕ್ಸನ್ನನೇ. ಮೇಲಿನ ಮೂಕ ಕೋಣೆಯನ್ನು ಈಗಷ್ಟೇ ನೋಡಿ ಬಂದವನಿಗೆ ಅವರು ಎಲ್ಲಿ ನಿಂತಿರಬಹುದೆಂದು ಕಣ್ಣಿಗೆ ಕಟ್ಟಿತು. ಹಾಡು ಮುಗಿದ ಕೂಡಲೇ ಅವನು, ಕೇಳದೆಯೇ, ವಾಯೇಜರಿನ ಕನ್ನಡ ನಮಸ್ಕಾರ ಹಾಕಿದ. “ಮಾವ, ಇದು ನಿಜವಾಗ್ಲೂ ಒಂದೇ ರೆಕಾರ್ಡಲ್ಲಿ ಇದೆಯಾ?” ಎಂದು ಮತ್ತೆ ಮತ್ತೆ ಕೇಳಿದ.

ಇದೆ. ಮತ್ತು ಅದು ಸುಲಭವಾಗಿ ಸೇರಿದ್ದಲ್ಲ. ತಟ್ಟೆಗೆ ಸಂಗೀತ ಆರಿಸುವಾಗ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ನನ ತಂಡ ಸಲಹೆ ಕೇಳಿದವರಲ್ಲಿ ಆಲನ್ ಲೋಮ್ಯಾಕ್ಸ್ ಒಬ್ಬ. 1941ರಲ್ಲಿ ಹತ್ತಿ ತೋಟದ ಗುಡಿಸಿಲಿನಲ್ಲಿ ಮಡ್ಡಿಗೆ ಅವನ ದನಿ ಕೇಳಿಸಿದ ಅದೇ ಲೋಮ್ಯಾಕ್ಸ್. ಲೋಕದ ಮೂಲೆಮೂಲೆಯ ಜನಪದ ಸಂಗೀತ ಆ ತಟ್ಟೆಗೆ ಸೇರಲು ಅವನ ಕೈ ದೊಡ್ಡದು. ಚಕ್ ಬೆರಿಯ ಹಾಡನ್ನು ಮಾತ್ರ ಅವನು ಒಪ್ಪಲಿಲ್ಲ. ಅದು ಹದಿಹರೆಯದವರ ಸಂಗೀತ ಎಂದ. ಈ ಭೂಮಿಯ ಮೇಲೆ ಹದಿಹರೆಯದವರೂ ಬೇಕಾದಷ್ಟಿದ್ದಾರಲ್ಲ ಎಂದು ಸೇಗನ್ ಉತ್ತರ ಕೊಟ್ಟ. ಹಾಡು ಉಳಿಯಿತು. ಲೋಮ್ಯಾಕ್ಸನ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಆ ಒಂದು ಮಾತಿನಲ್ಲಿ ಅವನು ತಪ್ಪಿದ. ತಾನು ಹೊಲದಲ್ಲಿ ಕೇಳಿದ ಬ್ಲೂಸೇ ರೈಲು ಹತ್ತಿ, ಪಟ್ಟಣದಲ್ಲಿ ಕರೆಂಟು ಕುಡಿದು, ಮಡ್ಡಿಯ ಕೈಯಿಂದ ಬೆರಿಯ ಕೈಗೆ ಬಂದು ಇಲ್ಲಿ ನಿಂತಿದೆ ಎಂಬುದು ಅವನಿಗೆ ಕೇಳಿಸಲಿಲ್ಲ.

2012ರ ಆಗಸ್ಟಿನಲ್ಲಿ ವಾಯೇಜರ್ 1 ಸೂರ್ಯನ ಗಾಳಿ ಬೀಸುವ ಎಲ್ಲೆಯನ್ನು ದಾಟಿತು, 2018ರ ನವೆಂಬರಿನಲ್ಲಿ ವಾಯೇಜರ್ 2 ದಾಟಿತು. ಚಕ್ ಬೆರಿಯೂ ಕನ್ನಡವೂ ಈಗ ನಕ್ಷತ್ರಗಳ ನಡುವಿನ ಕತ್ತಲಲ್ಲಿ ಒಂದೇ ತಟ್ಟೆಯ ಮೇಲೆ ಹೋಗುತ್ತಿದ್ದಾರೆ.

ಶಿಕಾಗೋಗೆ ಹೋಗುವ ಕನ್ನಡಿಗರಲ್ಲಿ ಒಂದು ಕೋರಿಕೆ. ವಿವೇಕಾನಂದರು ಮಾತಾಡಿದ ಕಟ್ಟಡಕ್ಕೆ ಹೇಗೂ ಹೋಗುತ್ತೀರಿ. ಅಲ್ಲಿಂದ ಅದೇ ರಸ್ತೆಯಲ್ಲಿ ಮೂರು ಕಿಲೋಮೀಟರ್ ತೆಂಕಣಕ್ಕೆ ನಡೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ ಬಾಗಿಲು ತೆಗೆದಿರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಿ. ಮಹಡಿ ಹತ್ತಿ, ಕೋಣೆಯ ನಡುವೆ ನಿಂತು, ಒಮ್ಮೆ ಚಪ್ಪಾಳೆ ತಟ್ಟಿ ನೋಡಿ.